ಪ್ಲೇಸ್ಟೇಷನ್ನೋ ಪಿಸಿಯೋ? ಮಾಮನಿಗೆ ಬಂದ ಫಜೀತಿ

ಮೊನ್ನೆ ತುಮಕೂರಿನಿಂದ ಅಕ್ಕನ ಮಗನ ಫೋನು. "ಮಾಮ, ಅಮ್ಮ ಚೀಟಿ ಎತ್ತಿದಾಳೆ. 60 ಸಾವಿರ ಕೊಡ್ತಾಳಂತೆ. ಗೇಮಿಂಗ್ ಪಿಸಿ ತಗೊಳ್ಳೋದೋ, ಪ್ಲೇಸ್ಟೇಷನ್ನೋ? ನೀನು ಹೇಳಿದ್ರೆ ಅಮ್ಮ ಕೇಳ್ತಾಳೆ."

ಸಿಕ್ಕಿಹಾಕಿಕೊಂಡೆ ನೋಡಿ! ಹುಡುಗ ಈಗ ತಾನೇ ಪಿಯುಸಿಗೆ ಸೇರಿದ್ದಾನೆ. ಮನೆಯಲ್ಲಿ ಬೇರೆ ಕಂಪ್ಯೂಟರ್ ಇಲ್ಲ.

ಬರೀ ಆಟದ ಲೆಕ್ಕ ಹಾಕಿದರೆ ಕನ್ಸೋಲೇ ಗೆಲ್ಲುತ್ತೆ. ಪಿಸಿ ಪಕ್ಷದವನಾದ ನಾನೇ ಇದನ್ನು ಒಪ್ಪಿಕೊಳ್ತೀನಿ. ಪ್ಲೇಸ್ಟೇಷನ್ 5 ಭಾರತಕ್ಕೆ ಬಂದದ್ದು 2021ರ ಫೆಬ್ರವರಿಯಲ್ಲಿ, ಡಿಸ್ಕ್ ಹಾಕುವ ಮಾದರಿಗೆ 49,990 ರೂಪಾಯಿ. ಆ ವರ್ಷ ಗ್ರಾಫಿಕ್ಸ್ ಕಾರ್ಡುಗಳೇ ಸಿಗುತ್ತಿರಲಿಲ್ಲ. ಅದೇ ದುಡ್ಡು ಹಿಡಿದು ಬೆಂಗಳೂರಿನ ಎಸ್.ಪಿ. ರೋಡನ್ನೆಲ್ಲ ಸುತ್ತಿದ್ದರೂ ಅಷ್ಟು ತಾಕತ್ತಿನ ಪಿಸಿ ಜೋಡಿಸೋಕೆ ಆಗ್ತಿರಲಿಲ್ಲ. ಬಾಳಿಕೆಯೂ ಕಡಿಮೆಯಿಲ್ಲ. 2013ರಲ್ಲಿ ಬಂದ ಪ್ಲೇಸ್ಟೇಷನ್ 4ರಲ್ಲಿ 2022ರ 'ಗಾಡ್ ಆಫ್ ವಾರ್ ರಾಗ್ನರಾಕ್' ಓಡಿತು! ಪಿಸಿಯವರು ಆ ಆಟಕ್ಕೆ 2024ರ ಸೆಪ್ಟೆಂಬರ್‌ವರೆಗೆ ಕಾಯಬೇಕಾಯಿತು. ಆಡಿ ಮುಗಿಸಿದ ಡಿಸ್ಕನ್ನು ಮಾರಿ ಸ್ವಲ್ಪ ದುಡ್ಡು ವಾಪಸ್ ಪಡೀಬಹುದು. ಸ್ಟೀಮ್‌ನಲ್ಲಿ ಕೊಂಡ ಆಟವನ್ನು ಮಾರೋ ಹಾಗಿಲ್ಲ.

ಆದ್ರೆ ಕನ್ಸೋಲಿನ ಖರ್ಚು ಅಂಗಡಿಯಲ್ಲೇ ಮುಗಿಯಲ್ಲ. 2006ರಲ್ಲಿ ಸೋನಿ ಪ್ಲೇಸ್ಟೇಷನ್ 3 ಅನ್ನು ತಯಾರಿಕೆಯ ಖರ್ಚಿಗಿಂತ ಕಡಿಮೆಗೆ ಮಾರಿತ್ತು. ಪುಣ್ಯಕ್ಕಲ್ಲ, ಆಮೇಲೆ ಆಟಗಳಲ್ಲಿ ದುಡ್ಡು ಮಾಡಿಕೊಳ್ಳೋಕೆ. ರಾಗ್ನರಾಕ್ ಪ್ಲೇಸ್ಟೇಷನ್ 5ಕ್ಕೆ ಬಂದಾಗ 4,999 ರೂಪಾಯಿ. ದುಡ್ಡು ಕೊಟ್ಟು ಕೊಂಡ ಆಟವನ್ನೇ ಗೆಳೆಯರ ಜೊತೆ ಆನ್‌ಲೈನ್ ಆಡಬೇಕಂದ್ರೆ ಪ್ಲೇಸ್ಟೇಷನ್ ಪ್ಲಸ್ ಚಂದಾ ಬೇರೆ. ಪಿಸಿಯಲ್ಲಿ ಆ ಚಂದಾ ಇಲ್ಲ. ಸ್ಟೀಮ್ 2015ರಿಂದ ರೂಪಾಯಿಯಲ್ಲೇ ಮಾರುತ್ತಿದೆ. ಸೇಲ್ ಬರೋವರೆಗೆ ಕಾಯೋ ತಾಳ್ಮೆ ಇದ್ದರೆ ಹಳೇ ಆಟಗಳು ಕಾಫಿ-ತಿಂಡಿ ದುಡ್ಡಿಗೆ ಸಿಗ್ತವೆ.

ಇಷ್ಟಾದರೂ ನನ್ನ ತೀರ್ಮಾನಕ್ಕೆ ಕಾರಣ ಈ ಕೂಡು-ಕಳೆಯುವಿಕೆ ಅಲ್ಲ. ಕನ್ಸೋಲನ್ನು ಅರ್ಧ ಕೊಳ್ಳೋಕೆ ಆಗಲ್ಲ, ಪಿಸಿಯನ್ನು ಕೊಳ್ಳಬಹುದು. ಅದಕ್ಕೇ ಹೇಳಿದೆ: "ಒಳ್ಳೆ ಪ್ರೊಸೆಸರ್, ಗಟ್ಟಿ ಎಸ್‌ಎಂಪಿಎಸ್ ಹಾಕಿಸು. ಗ್ರಾಫಿಕ್ಸ್ ಕಾರ್ಡಿನ ಜಾಗ ಸದ್ಯಕ್ಕೆ ಖಾಲಿ ಇರಲಿ. ಪ್ರೋಗ್ರಾಮಿಂಗ್ ಕಲಿ, ಸಣ್ಣಪುಟ್ಟ ಆಟ ಆಡು. ಅಮ್ಮನಿಗೆ ಒಂದಷ್ಟು ದುಡ್ಡೂ ಉಳಿಯುತ್ತೆ." ಚೀಟಿ ದುಡ್ಡು ಅಂದ್ರೆ ಅಕ್ಕ ತಿಂಗಳು ತಿಂಗಳು ಹೊಟ್ಟೆ ಬಟ್ಟೆ ಕಟ್ಟಿ ಕಟ್ಟಿದ್ದು. ಅದರಲ್ಲಿ ಬಂದ ವಸ್ತು ಮನೆಯವರಿಗೆಲ್ಲ ಉಪಯೋಗಕ್ಕೆ ಬರಬೇಕು, ಅಲ್ವಾ?

ಮನೆಯಲ್ಲಿ ಆಗಲೇ ಒಂದು ಲ್ಯಾಪ್‌ಟಾಪ್ ಇದ್ದಿದ್ದರೆ ಕಣ್ಣು ಮುಚ್ಚಿಕೊಂಡು ಕನ್ಸೋಲ್ ತಗೋ ಅಂತಿದ್ದೆ.

ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ ಮೆಲ್ಲಗೆ, "ಕಾರ್ಡ್ ಯಾವಾಗ ಮಾಮ?" ಅಂದ. ಅರ್ಧ ದುಡ್ಡು ನಂದು ಅಂತ ಮಾತು ಕೊಟ್ಟಿದ್ದೀನಿ. ಈಗ ನಾನೂ ಒಂದು ಚೀಟಿ ಹಾಕಬೇಕು :)

ನೀವಾಗಿದ್ದರೆ ಏನು ಹೇಳ್ತಿದ್ರಿ?