ಎರಡನೆಯ ಲೇಬಲ್‌ನ ಹೊಣೆ ಯಾರದು?

2025ರ ಜೂನ್ 9ರಂದು ಕೇರಳದ ಕರಾವಳಿಯಾಚೆ ‘ವಾನ್ ಹೈ 503’ ಎಂಬ ಸರಕು ಹಡಗು ಹೊತ್ತಿ ಉರಿಯಿತು. ಅದರ 22 ಸಿಬ್ಬಂದಿಯ ಪೈಕಿ ಪಾರಾದ 18 ಮಂದಿಯನ್ನು ಮಂಗಳೂರಿಗೆ ಕರೆತರಲಾಯಿತು, ನಾಲ್ವರು ಕಣ್ಮರೆಯಾದರು. ಹಡಗಿನಲ್ಲಿ ಉರಿಯುವ ದ್ರವ, ಉರಿಯುವ ಘನ, ತಾನಾಗಿ ಹೊತ್ತಿಕೊಳ್ಳುವ ವಸ್ತು, ವಿಷ ಎಲ್ಲವೂ ಇದ್ದವೆಂದು ವರದಿಯಾಯಿತು. ಓದಿದವರು ಇವು ನಾಲ್ಕು ಬೇರೆ ಬೇರೆ ಸಾಮಗ್ರಿಗಳೆಂದು ಭಾವಿಸಿರಬೇಕು. ರಾಸಾಯನಿಕ ಕಾರ್ಖಾನೆಯೊಂದರ ರವಾನೆ ವಿಭಾಗದಲ್ಲಿ ಬಹುಕಾಲ ದುಡಿದ ನನಗೆ ಹೊಳೆದದ್ದು ಬೇರೆ: ಇಂಥ ಎರಡು ಮೂರು ಗುಣಗಳು ಒಂದೇ ಪೀಪಾಯಿಯೊಳಗೂ ಇರಬಲ್ಲವು.

ವಿಶ್ವಸಂಸ್ಥೆಯ ತಜ್ಞರ ಸಮಿತಿ 1956ರಲ್ಲಿ ಮೊದಲು ಪ್ರಕಟಿಸಿದ ಶಿಫಾರಸುಗಳಿಂದ ಬೆಳೆದು ಬಂದ ವ್ಯವಸ್ಥೆ ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಅದು ಅಪಾಯಕಾರಿ ಸರಕನ್ನು ಒಂಬತ್ತು ವರ್ಗಗಳಾಗಿ ವಿಂಗಡಿಸುತ್ತದೆ. ಆದರೆ ನಿಸರ್ಗ ಈ ವರ್ಗಗಳನ್ನು ನೋಡಿ ವಸ್ತುಗಳನ್ನು ಸೃಷ್ಟಿಸಿಲ್ಲವಲ್ಲ! ಮೆಥನಾಲ್ ಉರಿಯುತ್ತದೆ, ವಿಷವೂ ಹೌದು. ಕ್ಲೋರಿನ್ ವಿಷಾನಿಲ, ಜೊತೆಗೆ ಇತರ ವಸ್ತುಗಳ ಉರಿಯನ್ನು ಹೆಚ್ಚಿಸುತ್ತದೆ, ಲೋಹವನ್ನೂ ತಿನ್ನುತ್ತದೆ. ಹೀಗಿರುವಾಗ ಯಾವ ಅಪಾಯ ಪ್ರಧಾನ, ಯಾವುದು ಉಪ ಎಂಬುದನ್ನು ತೀರ್ಮಾನಿಸಲು ನಿಯಮಗಳಲ್ಲಿ ಆದ್ಯತೆಯ ಕೋಷ್ಟಕವೇ ಇದೆ. ಪ್ರಧಾನ ವರ್ಗಕ್ಕೊಂದು ಲೇಬಲ್, ಉಪ ಅಪಾಯಕ್ಕೆ ಮತ್ತೊಂದು. ಯಾವ ಸರಕನ್ನು ಯಾವುದರ ಪಕ್ಕದಲ್ಲಿ ಇಡಬಾರದು, ಯಾವ ಪ್ಯಾಕಿಂಗ್ ಬಳಸಬೇಕು ಎಂಬುದೆಲ್ಲ ಇವನ್ನೇ ಅವಲಂಬಿಸಿದೆ. ತೊಡಕು ಇರುವುದು ‘ಉಪ’ ಎಂಬ ಪದದಲ್ಲಿ. ಅದನ್ನು ನಾವು ‘ಗೌಣ’ ಎಂದು ಓದಿಕೊಳ್ಳುತ್ತೇವೆ.

ಸಾಂದ್ರ ನೈಟ್ರಿಕ್ ಆಮ್ಲವನ್ನೇ ನೋಡಿ. ಚರ್ಮವನ್ನೂ ಲೋಹವನ್ನೂ ತಿನ್ನುವ ಗುಣದಿಂದಾಗಿ ಅದರ ಪ್ರಧಾನ ವರ್ಗ 8. ಆದರೆ ಅದು ಉತ್ಕರ್ಷಣಕಾರಿಯೂ ಹೌದು. ತಾನು ಉರಿಯದೆ ಇತರ ವಸ್ತುಗಳನ್ನು ಉರಿಸಬಲ್ಲದು. 1973ರ ನವೆಂಬರ್ 3ರಂದು ನ್ಯೂಯಾರ್ಕ್‌ನಿಂದ ಸ್ಕಾಟ್ಲೆಂಡ್‌ಗೆ ಹೊರಟಿದ್ದ ಪ್ಯಾನ್ ಅಮ್ ಸಂಸ್ಥೆಯ ಸರಕು ವಿಮಾನದಲ್ಲಿ ಹೊಗೆ ತುಂಬಿ, ಅದು ಬಾಸ್ಟನ್‌ನಲ್ಲಿ ಇಳಿಯುವ ಮುನ್ನವೇ ಅಪ್ಪಳಿಸಿತು. ಮೂವರು ಸಿಬ್ಬಂದಿ ಸತ್ತರು. ನೈಟ್ರಿಕ್ ಆಮ್ಲದ ಸೀಸೆಗಳು ಒಡೆಯದಿರಲೆಂದು ಪೆಟ್ಟಿಗೆಗಳಲ್ಲಿ ತುಂಬಿದ್ದು ಮರದ ಹೊಟ್ಟನ್ನು! ಸೋರಿದ ಆಮ್ಲ ಆ ಹೊಟ್ಟಿನೊಂದಿಗೆ ವರ್ತಿಸಿದ್ದೇ ಹೊಗೆಗೆ ಮೂಲವೆಂದು ತನಿಖಾಧಿಕಾರಿಗಳು ಭಾವಿಸಿದರು. ಪ್ಯಾಕ್ ಮಾಡಿದ ಕೈಗಳಿಗೆ ಆಮ್ಲದ ಒಂದು ಮುಖವಷ್ಟೇ ಗೊತ್ತಿತ್ತೆನಿಸುತ್ತದೆ.

ಒಮ್ಮೆ ಹೊರಟ ಸರಕಿನ ತಪ್ಪನ್ನು ದಾರಿಯಲ್ಲಿ ತಿದ್ದುವುದು ಸುಲಭವಲ್ಲ. 2021ರ ಮೇ ತಿಂಗಳಲ್ಲಿ ‘ಎಕ್ಸ್-ಪ್ರೆಸ್ ಪರ್ಲ್’ ಹಡಗಿನ ಕಂಟೇನರೊಂದರಿಂದ ನೈಟ್ರಿಕ್ ಆಮ್ಲ ಸೋರುತ್ತಿತ್ತು. ಅದನ್ನು ಇಳಿಸಿಕೊಳ್ಳಲು ಕತಾರ್‌ನ ಹಮದ್ ಬಂದರೂ ಗುಜರಾತಿನ ಹಜೀರಾ ಬಂದರೂ ಒಪ್ಪಲಿಲ್ಲ. ಕೊಲಂಬೊ ಬಳಿ ಬೆಂಕಿಗೆ ಸಿಲುಕಿದ ಹಡಗು ಜೂನ್ 2ರಂದು ಮುಳುಗತೊಡಗಿತು. ಶ್ರೀಲಂಕಾದ ಕಡಲತೀರ ಪ್ಲಾಸ್ಟಿಕ್ ಹರಳುಗಳಿಂದ ತುಂಬಿಹೋಯಿತು. ಸರಿಯಾದ ವರ್ಗೀಕರಣ, ಸರಿಯಾದ ಪ್ಯಾಕಿಂಗ್ ಆಗಬೇಕಾದದ್ದು ಕಾರ್ಖಾನೆಯ ಬಾಗಿಲಲ್ಲೇ.

ಆ ಬಾಗಿಲಲ್ಲಿ ಏನು ನಡೆಯುತ್ತದೆಂಬುದನ್ನು ನಾನು ಬಲ್ಲೆ. ಈಗಿನ ನಿಯಮದಂತೆ ನೈಟ್ರಿಕ್ ಆಮ್ಲದ ಸಾಂದ್ರತೆ ಶೇ 65ಕ್ಕಿಂತ ಕಡಿಮೆಯಿದ್ದರೆ ಒಂದೇ ಲೇಬಲ್ ಸಾಕು. ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ದೊರೆಯುವ ಸಾಂದ್ರ ಆಮ್ಲದ್ದು ಶೇ 68. ಸುಮಾರು ಹತ್ತು ವರ್ಷಗಳ ಹಿಂದೆ ಸಾಗಣೆದಾರರೊಬ್ಬರು ನನ್ನ ಮೇಜಿನ ಮುಂದೆ ಕುಳಿತು, ‘ಸಾರ್, 60 ಅಂತ ಬರೆದುಬಿಡಿ. ಎರಡನೇ ಲೇಬಲ್ ಇದ್ದರೆ ಬೇರೆ ಸರಕಿನ ಜೊತೆ ಲೋಡ್ ಮಾಡೋಕೆ ಬಿಡಲ್ಲ’ ಎಂದರು. ನಾನು ಬರೆಯಲಿಲ್ಲ. ಅವರು ಬೇರೆ ಕಡೆ ಹೋದರು. ಅಲ್ಲಿ ಯಾರಾದರೂ ಬರೆದುಕೊಟ್ಟಿರಬಹುದೆಂಬ ಅಳುಕು ಇಂದಿಗೂ ನನ್ನಲ್ಲಿದೆ. ಒಂದು ಅಂಕಿ ಬದಲಾದರೆ ಕಾಗದದ ಮೇಲೆ ಒಂದು ಅಪಾಯ ಇಲ್ಲವಾಗುತ್ತದೆ; ಪೀಪಾಯಿಯೊಳಗೆ ಅಲ್ಲ.

ಇದು ಕಡಲಿಗೆ ಮಾತ್ರ ಸೀಮಿತವಾದ ವಿಷಯವಲ್ಲ. ಹೆದ್ದಾರಿಯಲ್ಲಿ ಟ್ಯಾಂಕರ್ ಮಗುಚಿದರೆ ಜನ ಕೊಡ, ಬಕೆಟ್ ಹಿಡಿದು ಧಾವಿಸುವುದನ್ನು ನಾವೆಲ್ಲ ಕಂಡಿದ್ದೇವೆ. ಅದು ಮೆಥನಾಲ್ ಆಗಿದ್ದರೆ? ಜ್ವಾಲೆಯ ಚಿತ್ರವಿರುವ ಲೇಬಲ್ ಕಂಡವರು ಬೀಡಿ ಆರಿಸಿಯಾರು. ತಲೆಬುರುಡೆಯ ಚಿತ್ರ ಕಾಣದಿದ್ದರೆ ಅದು ವಿಷವೆಂದು ತಿಳಿಯುವುದು ಹೇಗೆ? ಬೆಂಗಳೂರಿನಲ್ಲಿ 1981ರಲ್ಲಿ 300ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಕಳ್ಳಬಟ್ಟಿಯಲ್ಲಿದ್ದದ್ದು ಇದೇ ಮೆಥನಾಲ್.

ನಮ್ಮಲ್ಲಿ ಕಾನೂನಿನ ಕೊರತೆಯಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಇಂಥ ವಾಹನಗಳ ಮೇಲೆ ಲೇಬಲ್, ತುರ್ತು ಮಾಹಿತಿ ಫಲಕ, ಚಾಲಕನ ಬಳಿ ‘ಟ್ರೆಮ್ ಕಾರ್ಡ್’, ಅವನಿಗೆ ವಿಶೇಷ ತರಬೇತಿ ಎಲ್ಲವನ್ನೂ ಕಡ್ಡಾಯಗೊಳಿಸಿವೆ. ಅತಿಯಾದ ಲೇಬಲ್‌ಗಳಿಂದ ಗೊಂದಲವೇ ಹೆಚ್ಚುತ್ತದೆ, ಖರ್ಚೂ ಏರುತ್ತದೆ ಎಂಬುದು ಉದ್ಯಮದ ಕೆಲವರ ವಾದ. ಆದರೆ ಗೊಂದಲ ಹುಟ್ಟುವುದು ಲೇಬಲ್ ಇರುವುದರಿಂದಲ್ಲ, ಅದನ್ನು ಓದಲು ಯಾರಿಗೂ ಕಲಿಸದಿರುವುದರಿಂದ. ಅಪಘಾತದ ಸ್ಥಳಕ್ಕೆ ಮೊದಲು ತಲುಪುವವರು ರಸಾಯನ ವಿಜ್ಞಾನಿಗಳಲ್ಲ. ಪಕ್ಕದ ಊರಿನವರು, ಠಾಣೆಯ ಪೊಲೀಸರು, ಅಗ್ನಿಶಾಮಕ ಸಿಬ್ಬಂದಿ.

ಆದ್ದರಿಂದ ಮೂರು ಕೆಲಸಗಳು ತುರ್ತಾಗಿ ಆಗಬೇಕು. ಸರಕನ್ನು ವರ್ಗೀಕರಿಸಿ ಸಹಿ ಹಾಕಿದ ವ್ಯಕ್ತಿ ಉಪ ಅಪಾಯವನ್ನು ಮರೆಮಾಚಿದರೆ, ಚಾಲಕನಿಗೆ ದಂಡ ಹಾಕಿ ಕೈತೊಳೆದುಕೊಳ್ಳದೆ ಆ ವ್ಯಕ್ತಿಯನ್ನೇ ಹೊಣೆಯಾಗಿಸಬೇಕು. ತಪಾಸಣೆಯ ವೇಳೆ ದಾಖಲೆ ನೋಡಿದರೆ ಸಾಲದು, ಸರಕಿನ ಮಾದರಿಯನ್ನೂ ಪರೀಕ್ಷಿಸಬೇಕು. ಹೆದ್ದಾರಿಯ ಪ್ರತಿ ಠಾಣೆಯಲ್ಲಿಯೂ ಈ ಲೇಬಲ್‌ಗಳ ಅರ್ಥವನ್ನು ತಿಳಿಸುವ ಕನ್ನಡದ ಫಲಕವಿರಬೇಕು. ಇವು ಭಾರೀ ಹಣ ಬೇಡುವ ಸುಧಾರಣೆಗಳೇನಲ್ಲ. ನೆರವಿಗೆಂದು ಓಡಿ ಬರುವವನಿಗೆ ತಾನು ಏನನ್ನು ಮುಟ್ಟುತ್ತಿದ್ದೇನೆಂದು ತಿಳಿಯುವ ಹಕ್ಕಿದೆ, ಪೂರ್ತಿಯಾಗಿ ತಿಳಿಯುವ ಹಕ್ಕು.