ಉಳವಿಯ ದಾರಿಯಲ್ಲಿ ಇಳಿದು ನಡೆಯುವವರಿಗೆ

ಮಾಘಮಾಸ ಸಮೀಪಿಸಿತೆಂದರೆ ಧಾರವಾಡ, ಬೆಳಗಾವಿ, ಹಾವೇರಿ ಸೀಮೆಯ ಹಳ್ಳಿಗಳಲ್ಲಿ ಉಳವಿಯ ಮಾತು ಮೊದಲಾಗುತ್ತದೆ. ಎತ್ತುಗಳ ಕೊಂಬಿಗೆ ಬಣ್ಣ, ಕೊರಳಿಗೆ ಗಂಟೆ, ಬಂಡಿಯೊಳಗೆ ಕಟಕ ರೊಟ್ಟಿ, ಶೇಂಗಾ ಹಿಂಡಿ, ಮಾದಲಿಯ ಬುತ್ತಿ. ಇಂದಿಗೂ ಎಷ್ಟೋ ಮನೆತನಗಳು ಚಕ್ಕಡಿ ಕಟ್ಟಿಕೊಂಡೇ ಚನ್ನಬಸವಣ್ಣನವರ ಐಕ್ಯಸ್ಥಳಕ್ಕೆ ಹೋಗುತ್ತವೆ. ಆದರೆ ಬಹುಪಾಲು ಕುಟುಂಬಗಳು ಈಗ ಮೋಟಾರು ಏರುತ್ತವೆ. ಮುಂಜಾನೆ ಹೊರಟು ಮಧ್ಯಾಹ್ನ ದರ್ಶನ, ಪ್ರಸಾದ; ರಾತ್ರಿ ಮನೆ. ನಡುವೆ ದಾಂಡೇಲಿಯಿಂದಾಚೆ ಉದ್ದಕ್ಕೂ ಹಬ್ಬಿದ ಕಾಡು ಗಾಜಿನಾಚೆ ಹಾದುಹೋಗುತ್ತದೆ; ತಿರುವುಗಳಿಂದ ಮಕ್ಕಳಿಗೆ ವಾಂತಿಯಾಗುವುದೊಂದನ್ನು ಬಿಟ್ಟರೆ ಆ ಕಾಡಿನ ನೆನಪೇ ಅವರಲ್ಲಿ ಉಳಿಯುವುದಿಲ್ಲ.

ಬಂಡಿಯ ಪಯಣದಲ್ಲಿ ಒಂದು ಗುಣವಿತ್ತು. ಏರು ಬಂದಾಗ ಎತ್ತಿನ ಮೇಲಿನ ಕರುಣೆಯಿಂದ ಜನ ಕೆಳಗಿಳಿದು ನಡೆಯುತ್ತಿದ್ದರು. ಮುದುಕರು, ಗರ್ಭಿಣಿಯರು, ಕೂಸುಗಳು ಮಾತ್ರ ಮೇಲೆ ಕುಳಿತಿರುತ್ತಿದ್ದರು. ಹಳ್ಳ ಬಂದಲ್ಲಿ ಎಲ್ಲರೂ ಇಳಿದು ನೀರು ಕುಡಿದು ಸುಧಾರಿಸಿಕೊಳ್ಳುತ್ತಿದ್ದರು. ಹೀಗೆ ಯಾರೂ ಹವ್ಯಾಸವೆಂದು ಹೇಳಿಕೊಳ್ಳದೆಯೇ ಕಾಡಿನಲ್ಲಿ ದಿನಕ್ಕಿಷ್ಟು ನಡೆದಿರುತ್ತಿದ್ದರು.

ಬೈಲಹೊಂಗಲ ಕಡೆಯ ತಾಯಿಯೊಬ್ಬರು ನಮಗೆ ಪತ್ರ ಬರೆದು ಕೇಳಿದ್ದಾರೆ: "ಮಕ್ಕಳು ಸೊಸೆಯಂದಿರು ಹೊಳೆಯ ದಂಡೆಗೆ ಇಳಿಯುತ್ತಾರೆ. 'ಅವ್ವಾ, ನಿನ್ನ ಮೊಣಕಾಲಿಗೆ ಇದು ಆಗೂದಿಲ್ಲ, ನೀ ಗಾಡ್ಯಾಗ ಕುಂದರು' ಎನ್ನುತ್ತಾರೆ. ಮೂರು ವರ್ಷ ಗಾಡಿಯಲ್ಲಿಯೇ ಕುಳಿತೆ. ನನ್ನಂಥವರು ನಡೆಯಬಹುದಾದ ದಾರಿ ಅಲ್ಲಿ ಇಲ್ಲವೇ ಅಜ್ಜಾರ?" ಇದೆ ತಾಯಿ. ಒಂದಲ್ಲ, ಹಲವಾರಿವೆ. ಪ್ರಸ್ತುತ ಸಂಚಿಕೆಯಲ್ಲಿ ಅವುಗಳ ವಿಚಾರವನ್ನೇ ಬರೆಯುತ್ತೇವೆ.

ಮೊದಲು ಆ ನೆಲದ ಪರಿಚಯ. ಕಾಳಿ ನದಿ ಜೋಯಿಡಾ ತಾಲೂಕಿನ ಡಿಗ್ಗಿಯ ಬಳಿ ಹುಟ್ಟಿ ಸುಮಾರು 184 ಕಿಲೋಮೀಟರು ಹರಿದು ಕಾರವಾರದಲ್ಲಿ ಸಮುದ್ರ ಸೇರುತ್ತದೆ. ಘಟ್ಟವನ್ನು ಕೊರೆದು ಹರಿಯುವುದರಿಂದ ಅದರ ದಂಡೆಗಳು, ಅದಕ್ಕೆ ಕೂಡುವ ಹಳ್ಳಗಳ ದಂಡೆಗಳು ಅನೇಕ ಕಡೆ ಕಡಿದಾದವು. ಮೇಲೆ ಕಾಡು, ಕೆಳಗೆ ಕಮರಿ, ತಳದಲ್ಲಿ ನೀರು. ಗಣೇಶಗುಡಿಯ ಬಳಿ 101 ಮೀಟರು ಎತ್ತರದ ಸೂಪಾ ಅಣೆಕಟ್ಟು 1987ರಲ್ಲಿ ಪೂರ್ಣಗೊಂಡಿತು. ಹಳೆಯ ಸೂಪಾ ಪಟ್ಟಣ ಅದರ ಹಿನ್ನೀರಿನಲ್ಲಿ ಮುಳುಗಿ, ತಾಲೂಕಿನ ಕೇಂದ್ರ ಜೋಯಿಡಾಕ್ಕೆ ಬಂದಿತು. ಈ ಕಾಡು 2007ರಲ್ಲಿ ದಾಂಡೇಲಿ-ಅಣಶಿ ಹುಲಿ ಸಂರಕ್ಷಿತ ಪ್ರದೇಶವೆನಿಸಿತು. 2015ರಲ್ಲಿ ಅದಕ್ಕೆ ನದಿಯ ಹೆಸರನ್ನೇ ಇಟ್ಟರು. ನದಿಯ ಹೆಸರು ಕಾಡಿಗೆ ಬಂದದ್ದು ನಮಗಂತೂ ಯುಕ್ತವಾಗಿಯೇ ತೋರುತ್ತದೆ.

ಮಂಡಿನೋವಿನವರು ಮೊದಲು ಹೋಗಬೇಕಾದದ್ದು ಉಳವಿಯ ಸುತ್ತಲಿನ ದಾರಿಗಳಿಗೆ. ಕಲ್ಯಾಣದ ಕ್ರಾಂತಿಯ ತರುವಾಯ ಶರಣರು ಈ ಕಾಡಿನ ಆಶ್ರಯಕ್ಕೆ ಬಂದರೆಂಬುದು ಪರಂಪರೆ. ಅಕ್ಕನಾಗಮ್ಮನ ಗವಿ, ಮಹಾಮನೆ ಗವಿ, ಆಕಳ ಗವಿ, ಹರಳಯ್ಯನ ಚಿಲುಮೆ ಎಂಬ ಹೆಸರುಗಳಲ್ಲಿ ಆ ನೆನಪು ನಿಂತಿದೆ. ಗುಡಿಗೆ ಬಂದವರಲ್ಲಿ ಅರ್ಧದಷ್ಟು ಜನರಾದರೂ ಇವನ್ನು ನೋಡುವುದಿಲ್ಲವೆಂದು ನಮ್ಮ ಎಣಿಕೆ. ಕೆಲವು ಸಮೀಪದಲ್ಲಿವೆ, ಕೆಲವಕ್ಕೆ ದೂರ ನಡೆಯಬೇಕು. ಗುಡಿಯಲ್ಲಿ ವಿಚಾರಿಸಿ, ದಾರಿ ಬಲ್ಲವರೊಬ್ಬರನ್ನು ಕರೆದುಕೊಂಡು, ಹತ್ತಿರದ ಒಂದನ್ನೇ ಆರಿಸಿಕೊಂಡರೆ ಸಾಕು. ಎಲ್ಲವನ್ನೂ ಒಂದೇ ದಿನ ಮುಗಿಸುವ ಹಟ ಬೇಡ. ಮರದ ನೆರಳಿನಲ್ಲಿ ಒಂದು ತಾಸು ನಡೆದು, ಗವಿಯ ಬಾಯಲ್ಲಿ ಅರ್ಧ ತಾಸು ಮೌನವಾಗಿ ಕುಳಿತರೆ ಅದು ಸಣ್ಣ ಯಾತ್ರೆಯೇನಲ್ಲ.

ಎರಡನೆಯದು ಸಿಂಥೇರಿ ಬಂಡೆ. ದಾಂಡೇಲಿಯಿಂದ ಉಳವಿಗೆ ಗುಂದದ ಮೇಲೆ ಹೋಗುವ ದಾರಿಯಲ್ಲಿ ಇದು ಸಿಗುತ್ತದೆ. ಸುಮಾರು 300 ಅಡಿ ಎತ್ತರದ ಒಂದೇ ಬಂಡೆ. ಅದರ ಬುಡವನ್ನು ಕೊರೆಯುತ್ತ ಕಾಳಿಯ ಉಪನದಿಯಾದ ಕಾನೇರಿ ಹರಿಯುತ್ತದೆ. ಬಂಡೆಯ ಪೊಟರೆಗಳಲ್ಲಿ ಪಾರಿವಾಳ, ಚಾಚಿನ ಕೆಳಗೆ ಹೆಜ್ಜೇನು. ವಾಹನ ನಿಲ್ಲುವ ತಾಣದಿಂದ ಕಾಡಿನ ನಡುವೆ ಇಳಿದು ಹೋದರೆ ಪಾವಟಿಗೆಗಳು ಹೊಳೆಯ ಸಮೀಪಕ್ಕೆ ಒಯ್ಯುತ್ತವೆ. ಪಾವಟಿಗೆ ಕಟ್ಟಿದ್ದರಿಂದ ಕಾಡಿನ ಸೊಬಗು ಕೆಟ್ಟಿತೆಂದು ತರುಣ ಮಿತ್ರರೊಬ್ಬರು ನಮ್ಮೊಡನೆ ವಾದಿಸಿದರು. ಅವರಿಗೆ ಇಪ್ಪತ್ತೈದು ವರ್ಷ ವಯಸ್ಸು; ವಾದ ಸಹಜವೇ. ಅವರ ಮೊಣಕಾಲಿಗೆ ಅರವತ್ತೈದಾಗಲಿ, ಆಮೇಲೆ ಆ ಚರ್ಚೆಯನ್ನು ಮುಂದುವರಿಸೋಣವೆಂದೆವು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಬೆಟ್ಟ ಹತ್ತುವವನಿಗೆ ಕಷ್ಟ ಮೊದಲು, ಸುಖ ಆಮೇಲೆ. ದಣಿದರೆ ಅರ್ಧಕ್ಕೇ ತಿರುಗಿ ಇಳಿಯಬಹುದು. ಹೊಳೆಯ ಕಮರಿಗೆ ಇಳಿಯುವವನ ಲೆಕ್ಕ ಇದಕ್ಕೆ ತಿರುಗುಮುರುಗು. ಹೋಗುವಾಗ ಉಸಿರಿಗೆ ಶ್ರಮವಿಲ್ಲ, ಉತ್ಸಾಹದಲ್ಲಿ ಕಾಲು ತಾನಾಗಿ ಓಡುತ್ತದೆ. ಬಿಸಿಲೇರಿ ದಣಿದ ಹೊತ್ತಿನಲ್ಲಿ ಅಷ್ಟನ್ನೂ ಏರಬೇಕಾಗುತ್ತದೆ. ಇಳಿಯುವಾಗ ನೋಯುವುದು ಮೊಣಕಾಲು, ಏರುವಾಗ ಸೋಲುವುದು ಎದೆ. ಆದಕಾರಣ ಸಂದೇಹವಿದ್ದವರು ಮೊದಲು ಇಪ್ಪತ್ತು ಮೂವತ್ತು ಮೆಟ್ಟಿಲು ಇಳಿದು, ಅಷ್ಟನ್ನು ಮತ್ತೆ ಏರಿ ನೋಡಬೇಕು. ಉಸಿರು ಹದದಲ್ಲಿದ್ದರೆ ಮುಂದುವರಿಯಬಹುದು. ಇಲ್ಲವಾದರೆ ಮೇಲಿನ ನೆರಳಿನಲ್ಲಿಯೇ ಅಡ್ಡಾಡಬಹುದು, ಅಲ್ಲಿಯೂ ಹಕ್ಕಿಗಳಿವೆ. ಇಳಿಜಾರಿನಲ್ಲಿ ಒಂದು ಊರುಗೋಲು ಮೊಣಕಾಲಿನ ಭಾರವನ್ನು ಬಹಳ ಮಟ್ಟಿಗೆ ಇಳಿಸುತ್ತದೆ. ಕೋಲು ಹಿಡಿಯಲು ನಾಚುವ ಹಿರಿಯರನ್ನು ನಾವು ಕಂಡಿದ್ದೇವೆ. ನಾಚಿಕೆಯೇಕೆ? ನಮ್ಮ ಮಠಗಳ ಚರಮೂರ್ತಿಗಳು ಬೆತ್ತ ಹಿಡಿದೇ ಊರೂರು ಸಂಚರಿಸಿದವರು.

ಈ ಲೆಕ್ಕದ ಬೆಲೆ ತಿಳಿಯುವುದು ಕವಳಾ ಗುಹೆಯಲ್ಲಿ. ಅಲ್ಲಿ ಸುಮಾರು 375 ಮೆಟ್ಟಿಲು ಇಳಿಯಬೇಕು, ಆ ಬಳಿಕ ಇಕ್ಕಟ್ಟಾದ ಬಾಯಿಯಲ್ಲಿ ಬಗ್ಗಿ ನುಸುಳಬೇಕು. ಒಳಗಿರುವ ಶಿವಲಿಂಗವನ್ನು ಯಾರೂ ಕೆತ್ತಿದ್ದಲ್ಲ. ಮಣ್ಣಿನಲ್ಲಿ ಇಳಿಯುವ ಮಳೆಯ ನೀರು ಸ್ವಲ್ಪ ಹುಳಿಯಾಗಿ ಸುಣ್ಣಕಲ್ಲನ್ನು ಕರಗಿಸುತ್ತದೆ. ಗುಹೆಯ ಚಾವಣಿಯಿಂದ ತೊಟ್ಟಿಕ್ಕಿದಾಗ ಆ ಸುಣ್ಣ ತಳದಲ್ಲಿ ಪದರು ಪದರಾಗಿ ಕೂಡಿ ಮೇಲೇಳುತ್ತದೆ. ಬೆರಳಿನಷ್ಟು ಬೆಳೆಯಲು ಎಷ್ಟೋ ತಲೆಮಾರುಗಳು ಬೇಕು. ಶಿವರಾತ್ರಿಯಲ್ಲಿ ಅಲ್ಲಿ ಭಕ್ತರ ಸಂದಣಿ ಸೇರುತ್ತದೆ. ಗಟ್ಟಿಮುಟ್ಟಾದವರು ಅರಣ್ಯ ಇಲಾಖೆಯ ಅಪ್ಪಣೆ ಪಡೆದು ಅವಶ್ಯ ಹೋಗಲಿ. ಮಂಡಿಯ ಬಾಧೆ, ಹೃದಯದ ಬಾಧೆ ಇದ್ದವರಿಗೆ ಇದು ಸಲ್ಲದು. ಭಕ್ತಿಯ ಆವೇಶದಲ್ಲಿಯೂ ಸಲ್ಲದು.

ದಾಂಡೇಲಿಯ ಸುತ್ತ ಕಾಳಿಯ ದಂಡೆಯಲ್ಲಿಯೂ, ಕುಳಗಿಯ ಪ್ರಕೃತಿ ಶಿಬಿರದಲ್ಲಿಯೂ ಬಹುತೇಕ ಸಮತಟ್ಟಾದ ದಾರಿಗಳಿವೆ. ಮಕ್ಕಳಿದ್ದವರಿಗೆ ಇವೇ ಲೇಸು. ಇಲ್ಲಿ ಮಂಗಟ್ಟೆ ಹಕ್ಕಿ ಕಾಣಿಸುತ್ತದೆ. ಕೊಕ್ಕಿನ ಮೇಲೆ ಇನ್ನೊಂದು ಕೊಕ್ಕನ್ನು ಇಟ್ಟಂತಿರುವ, ಹಾರುವಾಗ ರೆಕ್ಕೆಯ ಸಪ್ಪಳ ದೂರಕ್ಕೂ ಕೇಳುವ ದೊಡ್ಡ ಹಕ್ಕಿ. ಹೆಣ್ಣು ಮರದ ಪೊಟರೆಯನ್ನು ಹೊಕ್ಕು, ಬಾಯನ್ನು ಮುಚ್ಚಿಕೊಂಡು, ಕೊಕ್ಕು ಹಾಯುವಷ್ಟು ಸೀಳನ್ನು ಮಾತ್ರ ಉಳಿಸುತ್ತದೆ. ಮೊಟ್ಟೆಯಿಟ್ಟು ಮರಿ ಬಲಿಯುವವರೆಗೆ ಅದು ಹೊರಬಾರದು. ಗಂಡು ಆಲ, ಅತ್ತಿಯ ಹಣ್ಣುಗಳನ್ನು ತಂದು ಆ ಸೀಳಿನಲ್ಲಿ ಉಣಿಸಬೇಕು. ಗಂಡು ಬೆದರಿ ದೂರವಾದರೆ ಒಳಗಿನ ಸಂಸಾರ ಉಪವಾಸ. ಅವು ಗೂಡು ಹೊಗುವುದು ಜಾತ್ರೆಯ ಕಾಲದ ಆಸುಪಾಸಿನಲ್ಲಿಯೇ. ವಾಹನದ ಮೇಲೆ ಧ್ವನಿವರ್ಧಕ ಕಟ್ಟಿ ಕಾಡಿನುದ್ದಕ್ಕೂ ಹಾಡು ಹಚ್ಚುವ ಬಂಧುಗಳು ಇದನ್ನೊಮ್ಮೆ ಯೋಚಿಸಲಿ. ಶರಣರ ಪದವಾದರೂ ಸರಿ, ಅಲ್ಲಿ ಅದನ್ನು ಮೆಲ್ಲಗೆ ಬಾಯಲ್ಲಿ ಹಾಡಿಕೊಳ್ಳುವುದೇ ಚೆಂದ.

ಇನ್ನು ನಡೆಯುವ ಕ್ರಮ. ಮನೆಮಂದಿ ಕಾಡಿಗಿಳಿದಾಗ ತರುಣರು ಮುಂದೆ ಓಡುತ್ತಾರೆ, ಮುದುಕಿ ಹಿಂದುಳಿಯುತ್ತಾಳೆ. ಅವರು ನಿಂತು ಕಾಯುತ್ತಾರೆ. ಈಕೆ ತಲುಪುತ್ತಲೇ ಮತ್ತೆ ಹೊರಡುತ್ತಾರೆ. ವಿಶ್ರಾಂತಿ ಸಿಕ್ಕಿದ್ದು ಬೇಡದವರಿಗೆ, ಬೇಕಾದವಳಿಗೆ ಕ್ಷಣವೂ ಇಲ್ಲ! ಆಮೇಲೆ "ಅವ್ವನಿಗೆ ನಡಿಗೆ ಆಗುವುದಿಲ್ಲ" ಎಂಬ ತೀರ್ಮಾನ. ಈ ಕ್ರಮವನ್ನು ತಿರುಗಿಸಬೇಕು. ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಮುಂದೆ. ಅವರ ಹೆಜ್ಜೆಯೇ ಎಲ್ಲರ ಹೆಜ್ಜೆ. ಅವರು ಕುಳಿತಾಗ ಎಲ್ಲರೂ ಕುಳಿತುಕೊಳ್ಳುವುದು. ಬಲಿಷ್ಠನೊಬ್ಬ ಕೊನೆಯಲ್ಲಿರಲಿ. ಹೀಗೆ ನಡೆದರೆ ತಂಡ ಚದುರುವುದಿಲ್ಲ, ದಾರಿ ತಪ್ಪುವ ಭಯವೂ ಕಡಿಮೆ. ಪತ್ರ ಬರೆದ ತಾಯಿಯ ಮಕ್ಕಳು ಇದನ್ನು ಓದುವರೆಂದು ನಂಬಿದ್ದೇವೆ.

ನೀರಿನ ವಿಷಯದಲ್ಲಿ ಮಾತ್ರ ಸಲಿಗೆ ಕೂಡದು. ಮಳೆಯಿಲ್ಲದ ದಿನದಲ್ಲಿಯೂ ಕಾಳಿ ಏರುತ್ತದೆ. ವಿದ್ಯುತ್ತಿಗಾಗಿ ಸೂಪಾದಿಂದ ನೀರು ಬಿಟ್ಟಾಗ ಮುಂಜಾನೆ ಒಣಗಿದ್ದ ಕಲ್ಲು ಮಧ್ಯಾಹ್ನ ಮುಳುಗಿರುತ್ತದೆ. ನಡುಹೊಳೆಯ ಬಂಡೆಯ ಮೇಲೆ ಬುತ್ತಿ ಬಿಚ್ಚಿ ಕುಳಿತುಕೊಳ್ಳಬಾರದು. ಕಾನೇರಿಯ ಮಡುವಿನಲ್ಲಿ ಈಜಲು ಹುಡುಗರನ್ನು ಬಿಡಬಾರದು. ತಿಳಿನೀರು ಆಳವನ್ನು ಮರೆಮಾಚುತ್ತದೆ. ಹೆಜ್ಜೇನಿನ ಬಂಡೆಯ ಕೆಳಗೆ ಹೊಗೆ, ಕೂಗಾಟ, ಕಲ್ಲೆಸೆತ, ಅತ್ತರು ಯಾವುದೂ ಸಲ್ಲದು. ಮಳೆಗಾಲದಲ್ಲಿ ಉಂಬಳ ಹತ್ತುತ್ತದೆ, ಅದರಿಂದ ಪ್ರಾಣಾಪಾಯವಿಲ್ಲ. ಬೇಸಿಗೆಯ ಉಣ್ಣೆ ಹಾಗಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಉತ್ತರ ಕನ್ನಡದಲ್ಲಿಯೂ ಕಾಣಿಸಿಕೊಂಡಿದೆ. ಅದನ್ನು ಹರಡುವುದು ಉಣ್ಣೆಯೇ. ಮೈತುಂಬ ಬಟ್ಟೆ ತೊಡುವುದು, ತರಗೆಲೆಯ ಮೇಲೆ ಕೂಡದಿರುವುದು, ಸತ್ತ ಮಂಗ ಕಂಡಲ್ಲಿಂದ ದೂರ ಸರಿದು ಅರಣ್ಯ ಅಥವಾ ಆರೋಗ್ಯ ಸಿಬ್ಬಂದಿಗೆ ತಿಳಿಸುವುದು, ಮರಳಿದ ಮೇಲೆ ಬಿಸಿನೀರಿನಲ್ಲಿ ಮಿಂದು ಬಟ್ಟೆ ಒಗೆಯುವುದು, ಇಷ್ಟು ಅವಶ್ಯ. ತರುವಾಯದ ದಿನಗಳಲ್ಲಿ ಜ್ವರ ಬಂದರೆ ಕಾಡಿಗೆ ಹೋಗಿದ್ದೆವೆಂದು ವೈದ್ಯರಿಗೆ ಹೇಳಲು ಮರೆಯಬಾರದು.

ಈ ಕಾಲುದಾರಿಗಳನ್ನು ಮೊದಲು ಸವೆಸಿದವರು ಪ್ರವಾಸಿಗಳಲ್ಲ, ಕುಣಬಿಗಳು, ಗೌಳಿಗಳು. ಸಂತೆಗೆ, ಶಾಲೆಗೆ, ದವಾಖಾನೆಗೆ ಅವರು ಇವುಗಳಲ್ಲಿಯೇ ನಡೆದರು. ನಾವು ಬಿಸಾಡಿದ ಪ್ಲಾಸ್ಟಿಕ್ಕನ್ನು ತಿನ್ನುವುದು ಗೌಳಿಗನ ಎಮ್ಮೆ. ಅವರನ್ನು ಕಂಡರೆ ಶರಣೆನ್ನಿರಿ, ಕೇಳದೆ ಚಿತ್ರ ತೆಗೆಯಬೇಡಿರಿ. ಕುಣಬಿ ತಾಯಂದಿರು ಮುಡ್ಲಿ ಗಡ್ಡೆ ಮಾರುತ್ತಿದ್ದರೆ ಚೌಕಾಸಿ ಮಾಡದೆ ಕೊಳ್ಳಿರಿ. ಕುದಿಸಿ, ಹುಣಸೆ ಹಿಂಡಿ ಪಲ್ಯ ಮಾಡಿದರೆ ರೊಟ್ಟಿಗೆ ಬಹಳ ರುಚಿ.

ಬೆಳಗಿನ ನಡಿಗೆಯೇ ಉತ್ತಮ. ಜಾತ್ರೆಯ ದಿನಗಳಲ್ಲಿ ದಾರಿಯೆಲ್ಲ ಬಂಡಿಗಳು ತುಂಬಿರುತ್ತವೆ. ನಡೆಯುವ ಆಸೆಯುಳ್ಳವರು ಭಾರತ ಹುಣ್ಣಿಮೆಗೆ ಎರಡು ವಾರ ಮೊದಲೇ ಹೋಗಿ, ಉಳವಿಯಲ್ಲಿ ಒಂದು ರಾತ್ರಿ ತಂಗುವುದು ಲೇಸು. ಆಗ ಚಳಿ ಇನ್ನೂ ಪೂರ್ತಿ ಬಿಟ್ಟಿರುವುದಿಲ್ಲ. ಹಿರಿಯರಿಗೆ ಒಂದು ಶಾಲು, ಕಿವಿಗೆ ವಸ್ತ್ರ ಇರಲಿ.