ಹುಣ್ಣಿಮೆಗೆ ಹೆಸರಿಟ್ಟವರು ಯಾರು?



ಬೆಳದಿಂಗಳ ಪದ್ಯಗಳನ್ನು ಕಾಲೇಜಿನಲ್ಲಿ ಬಾಯಿಪಾಠ ಮಾಡಿದವನು ನಾನು. ಹಾಲು, ಬೆಣ್ಣೆ, ಬೆಳ್ಳಿ ಬಟ್ಟಲು. ಎಲ್ಲಾ ಉಂಡವರ ಮಾತು. ನಮ್ಮವ್ವನ ಕಾಲಕ್ಕೆ ಬೆಳದಿಂಗಳು ಅಂದರೆ ಒಂದು ರಾತ್ರಿಯ ದೀಪದೆಣ್ಣೆ ಉಳೀತು ಅಂತ. ಇಲ್ಲವೇ ರಾತ್ರಿಯೂ ಗೌಡನ ಕಣದಲ್ಲಿ ಕೆಲಸ ಅಂತ.

ಪಂಚಾಂಗದವರು ಆಕಾಶ ನೋಡಿ ಹೆಸರಿಟ್ಟರು. ತುಂಬಿದ ಚಂದ್ರ ಚಿತ್ತಾ ನಕ್ಷತ್ರದ ಹತ್ತಿರ ನಿಂತರೆ ಚೈತ್ರ, ವಿಶಾಖದ ಹತ್ತಿರ ನಿಂತರೆ ವೈಶಾಖ. ದುಡಿಯೋ ಜನ ನೆಲ ನೋಡಿ ಹೆಸರಿಟ್ಟರು. ಎತ್ತಿಗೆ ಕಾರ ಹುಣ್ಣಿಮೆ, ಬೆಳೆಗೆ ಶೀಗಿ ಹುಣ್ಣಿಮೆ. ಈ ಹೆಸರಿನಲ್ಲಿ ನಮ್ಮ ಬೆವರಿದೆ. ಹಬ್ಬ ಮಾತ್ರ ನಮ್ಮದಲ್ಲ.

ಕಾರ ಹುಣ್ಣಿಮೆ ದಿನ ಎತ್ತಿನ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಊರ ಮುಂದೆ ಕರಿ ಹರೀತಾರೆ. ಎತ್ತಿನ ಕೊರಳಿನ ತೊಗಲ ಪಟ್ಟಿ, ಮಿಣಿ, ಬಾರುಕೋಲು ಮಾಡಿಕೊಟ್ಟವನು ಮಾದಿಗ. ಮುಂದೆ ನಿಂತು ಹಲಗೆ ಬಡಿದವನೂ ಅವನೇ. ಎತ್ತಿಗೆ ಹೋಳಿಗೆ, ಅವನಿಗೆ ದೂರದಿಂದ ಎಸೆದ ತುತ್ತು. ದನ ಕುಡಿಯೋ ಕೆರೆಯ ನೀರನ್ನು ಮನುಷ್ಯ ಮುಟ್ಟಬಾರದು ಅಂದ ಊರು ಇದು. ಆ ನೀರಿಗಾಗಿ ಬಾಬಾಸಾಹೇಬರು 1927ರಲ್ಲಿ ಮಹಾಡದ ಕೆರೆಗೆ ಇಳಿಯಬೇಕಾಯ್ತು.

ಶೀಗಿ ಹುಣ್ಣಿಮೆಗೆ ಮಲೆನಾಡಿನಲ್ಲಿ ಭೂಮಿ ಹುಣ್ಣಿಮೆ ಅಂತಾರೆ. ತೆನೆ ಹೊತ್ತ ಭೂಮ್ತಾಯಿ ಬಸುರಿ, ಅವಳಿಗೆ ಬಯಕೆಯೂಟ. ಚೆಂದ ಮಾತು. ಆದರೆ ಆ ಬಸುರಿಯ ಆರೈಕೆ ಮಾಡಿದವರು ಯಾರು? 1974ರಲ್ಲಿ ಉಳುವವನೇ ಒಡೆಯ ಅಂತ ಕಾನೂನು ಬಂತು. ಗೇಣಿದಾರ ಒಡೆಯನಾದ. ಗೇಣಿಯೂ ಇಲ್ಲದೆ ಕೂಲಿಗೆ, ಜೀತಕ್ಕೆ ಉತ್ತವನು ಬಹುಪಾಲು ಬರಿಗೈಲೇ ಉಳಿದ. 2020ರಲ್ಲಿ ಕಾನೂನು ತಿದ್ದಿ, ನೇಗಿಲು ಹಿಡಿಯದವನೂ ದುಡ್ಡಿದ್ದರೆ ಹೊಲ ಕೊಳ್ಳಲಿ ಅಂದರು. ತಾಯಿ ಅಂತ ಕೈಮುಗಿದವರೇ ತಾಯಿಯನ್ನು ಸಂತೆಗೆ ತಂದರು.

ಇನ್ನು ನೂಲ ಹುಣ್ಣಿಮೆ. ಹಳೇ ಜನಿವಾರ ತೆಗೆದು ಹೊಸದು ಹಾಕೋ ದಿನ. ಹತ್ತಿ ಬಿಡಿಸಿದ ಕೈ ನಮ್ಮವ್ವನದು. ಆ ಹತ್ತಿ ನೂಲಾಗಿ ಹೆಗಲೇರಿತೋ, ಅದೇ ಕೈ ಮೈಲಿಗೆ!

ಎದೆ ಉರಿಯೋದು ಹೊಸ್ತಿಲ ಹುಣ್ಣಿಮೆಗೆ. ಊರು ಹೊಸ್ತಿಲು ಪೂಜೆ ಮಾಡುತ್ತೆ, ನಾವು ದಾಟಬಾರದ ಹೊಸ್ತಿಲು. ಅದೇ ಹುಣ್ಣಿಮೆಗೆ ಸವದತ್ತಿಯಲ್ಲಿ ಎಲ್ಲವ್ವನ ಬಳೆ ಒಡೀತಾರೆ. ಎರಡು ತಿಂಗಳು ಕಳೆದು ಭಾರತ ಹುಣ್ಣಿಮೆಗೆ ದೇವಿ ಮತ್ತೆ ಮುತ್ತೈದೆ. ಆ ಮುತ್ತೈದೆತನದ ಹೆಸರಲ್ಲಿ ನಮ್ಮ ತಂಗಿಯರಿಗೆ ಮುತ್ತು ಕಟ್ಟಿದರು. ದೇವಿಗೆ ಎರಡೇ ತಿಂಗಳ ಕತ್ತಲು, ನಮ್ಮ ತಂಗಿಗೆ ಜೀವಮಾನವಿಡೀ. ದೇವದಾಸಿ ಬಿಡುವುದನ್ನು ನಿಷೇಧಿಸಿ 1982ರಲ್ಲಿ ಕಾಯಿದೆ ಆಯ್ತು. ಅದಕ್ಕೂ ಮುಂಚೆ ಎಷ್ಟು ಹುಣ್ಣಿಮೆಗಳು ಹೋದವು, ಲೆಕ್ಕ ಇಟ್ಟವರು ಯಾರು?

ಹಬ್ಬಕ್ಕೆ ಯಾಕಪ್ಪ ಜಗಳ, ಒಂದು ಹೋಳಿಗೆ ತಿಂದು ಮಲಗು ಅಂತಾರೆ ನಮ್ಮ ಹಿರಿಯರು. ನಮ್ಮ ಗುಡಿಸಲ ಗೋಡೆಗೂ ಅದೇ ಕ್ಯಾಲೆಂಡರು. ಅಪ್ಪಾ, ಇದು ಹೋಳಿಗೆಯ ಜಗಳ ಅಲ್ಲ. ಹುಣ್ಣಿಮೆಗೆ ಹೆಸರಿಟ್ಟವರೇ ನಿನಗೂ ಹೆಸರಿಟ್ಟರು. ಅವರು ಕೂಗಿದ ಹೆಸರಿಗೆ ನೀನು ಓಗೊಟ್ಟೆ.

ಆಷಾಢದ ಹುಣ್ಣಿಮೆ ನೋಡಿ. ಅವರು ಅದಕ್ಕೆ ವ್ಯಾಸ ಪೂರ್ಣಿಮೆ, ಗುರು ಪೂರ್ಣಿಮೆ ಅಂದರು. ಏಕಲವ್ಯನ ಹೆಬ್ಬೆರಳು ಕೇಳಿದವನೂ ಒಬ್ಬ ಗುರುವೇ! ಅದೇ ಹುಣ್ಣಿಮೆಗೆ ಸಾರನಾಥದಲ್ಲಿ ಐದು ಜನರ ಮುಂದೆ ಕೂತು ಬುದ್ಧ ಮೊದಲ ಮಾತಾಡಿದ ಅಂತ ಬೌದ್ಧರು ನೆನೀತಾರೆ. ಆ ಗುರು ಯಾರ ಬೆರಳನ್ನೂ ಕೇಳಲಿಲ್ಲ. ಕುಲವನ್ನೂ ಕೇಳಲಿಲ್ಲ. 1956ರಲ್ಲಿ ನಾಗಪುರದಲ್ಲಿ ಬಾಬಾಸಾಹೇಬರು ಲಕ್ಷಾಂತರ ಜನರ ಜೊತೆ ನಡೆದದ್ದು ಆ ಮಾತಿನ ಕಡೆಗೇ.

ಹಾಗಾದರೆ ಏನು ಮಾಡೋಣ? ದುಡಿಮೆಯ ಹೆಸರುಗಳನ್ನು ಬಿಡೋದು ಬೇಡ. ಅವು ನಮ್ಮವು, ವಾಪಸ್ ತಗೊಳ್ಳೋಣ. ಕಾರ ಹುಣ್ಣಿಮೆಗೆ ಬಿಟ್ಟಿ ಹಲಗೆ ಬಡಿಯೋದು ಬೇಡ. ಶೀಗಿ ಹುಣ್ಣಿಮೆ ದಿನ ತಾಲ್ಲೂಕು ಕಚೇರಿ ಮುಂದೆ ಕೂತು ಭೂಮಿ ಕೇಳೋಣ. ಭಾರತ ಹುಣ್ಣಿಮೆಗೆ ಗುಡ್ಡದ ದಾರಿಯಲ್ಲಿ ನಿಂತು ನಮ್ಮ ಮಕ್ಕಳನ್ನು ಕಾಯೋಣ.

ಚಂದ್ರ ಯಾರಪ್ಪನ ಮನೆ ಆಸ್ತಿಯೂ ಅಲ್ಲ. ಊರಿಗೆಷ್ಟು ಬೆಳಕೋ ಕೇರಿಗೂ ಅಷ್ಟೇ ಕೊಡ್ತಾನೆ. ನೆಲವನ್ನೂ ಹಾಗೆ ಹಂಚಿದ ದಿನ ನಾವು ಹುಣ್ಣಿಮೆ ಅನ್ನೋಣ.

ಜೈಭೀಮ್.